ಹಲ್ಲಿನಿಂದ ಕೇಳುತ್ತಿದ್ದ ಉಸ್ತಾದ್

ಅವರ ಮುಂದಿನ ಎರಡು ಹಲ್ಲು ಸವೆದು ನಡುವೆ ಸಣ್ಣದೊಂದು ಕಮಾನು ಮೂಡಿತ್ತು. ಮೊಳದುದ್ದದ ಸ್ಕ್ರೂಡ್ರೈವರಿನ ಮರದ ಹಿಡಿಯನ್ನು ದಿನಾ ಅಲ್ಲೇ ಕಚ್ಚಿ ಕಚ್ಚಿ ಆದದ್ದು. ಎಂಜಿನ್ ಓಡುವಾಗ ಅದರ ತುದಿಯನ್ನು ಟರ್ಬೊ ಮೇಲಿಟ್ಟು, ಹಿಡಿ ಕಚ್ಚಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ರೈಲ್ವೆಯ ಡೀಸೆಲ್ ಎಂಜಿನ್ನುಗಳ ಗದ್ದಲದಲ್ಲಿ ದುಡಿದು ನಿವೃತ್ತರಾಗುವಷ್ಟರಲ್ಲಿ ಎಡಗಿವಿ ಪೂರ್ತಿ ಹೋಗಿತ್ತು, ಬಲಗಿವಿ ಅರ್ಧ ಉಳಿದಿತ್ತು. "ಕಿವಿ ಸುಳ್ ಹೇಳ್ತಾವ ತಮ್ಮಾ, ಹಲ್ಲು ಹೇಳಂಗಿಲ್ಲ," ಎನ್ನುತ್ತಿದ್ದರು.

ವಾಡಿಯಲ್ಲಿ ಹಳಿಯಾಚೆ ಅವರ ತಗಡಿನ ಶೆಡ್ಡು. ಊರಿಗೆಲ್ಲ ಅವರು ಉಸ್ತಾದ್. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಹತ್ತು ಗಂಟೆಯೊಳಗೆ ಅದರ ಮೇಲೆ ಗ್ರೀಸು. ಒಳಗೋಡೆಗೆ ತಂತಿ ಕಟ್ಟಿ ಕೆಟ್ಟ ಫ್ಯಾನುಗಳನ್ನು ಪೋಣಿಸಿದ್ದರು. ಫ್ಯಾನು ಅಂದರೆ ಟರ್ಬೊ ಒಳಗೆ ಗಿರ್ರನೆ ತಿರುಗಿ ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಅಲ್ಯೂಮಿನಿಯಂ ಚಕ್ರ. ಹೊಸದು ಬೇಕೆಂದು ಬಂದವರನ್ನು ಮೊದಲು ಆ ಗೋಡೆಯ ಮುಂದೆ ನಿಲ್ಲಿಸುತ್ತಿದ್ದರು.

"ಇದು ಶಹಾಬಾದ್ ಗಾಡಿದು, ಫರಸಿ ಧೂಳ್ ತಿಂದು ರೆಕ್ಕಿ ಸವದಾವ. ಇದ್ರ ರೆಕ್ಕಿ ನೋಡು, ಎಷ್ಟ್ ತೆಳ್ಳಗದ. ಹೈದರಾಬಾದ್ ಮಾಲ್, ಆರ್ ತಿಂಗ್ಳೂ ಬರ್ಲಿಲ್ಲ. ಮೊದ್ಲ ಸತ್ತಾವ್ನ ನೋಡು, ಆಮ್ಯಾಲ ಹೊಸಾದು ಕೇಳು."

ನಾನು ಚಿತ್ತಾಪುರದವನು. ಒಂದು ಲಾರಿ ಇಟ್ಟುಕೊಂಡು ಶಹಾಬಾದಿನಿಂದ ಸೇಡಂ, ಚಿಂಚೋಳಿ ಮೇಲೆ ತೆಲಂಗಾಣಕ್ಕೆ ನೆಲಕ್ಕೆ ಹಾಸುವ ಫರಸಿ ಕಲ್ಲು ಒಯ್ಯುತ್ತೇನೆ. ಚಿಂಚೋಳಿ ದಾಟಿದ ಮೇಲೆ ಗುಡ್ಡದ ಏರಿನಲ್ಲಿ ನನ್ನ ಗಾಡಿ ಏದುಸಿರು ಬಿಡುತ್ತಿತ್ತು. ಹಿಂದಿನವರು ಹಾರ್ನ್ ಹೊಡೆದು, ಕಿಡಕಿಯಿಂದ ಕೈಬೀಸಿ ದಾಟಿ ಹೋಗುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಒಂದಲ್ಲ, ಎರಡು ಟರ್ಬೊ ಕೂಡಿಸಿಕೊಡಿ ಎಂದು ಉಸ್ತಾದರ ಬೆನ್ನು ಬಿದ್ದೆ. ದೊಡ್ಡದು ಗಾಳಿಯನ್ನು ಒಮ್ಮೆ ಒತ್ತಿ ಸಣ್ಣದಕ್ಕೆ ಕೊಡಬೇಕು, ಸಣ್ಣದು ಇನ್ನೊಮ್ಮೆ ಒತ್ತಿ ಎಂಜಿನ್ನಿಗೆ.

ಬರೀ ಎರಡು ಫ್ಯಾನು ಆರಿಸಲು ಅವರು ಎಂಟು ದಿನ ತೆಗೆದುಕೊಂಡರು. "ದೊಡ್ಡದ್ಕ ಭಾಳ ದೊಡ್ಡ ಫ್ಯಾನ್ ಹಾಕಿದ್ರ, ಅದು ಎದ್ದು ತಿರಗೂದ್ರಾಗ ನಿನ್ನ ಗಾಡಿ ಏರಿನ್ಯಾಗ ನಿಂತಿರ್ತದ. ಸಣ್ಣದ್ಕ ಭಾಳ ಸಣ್ಣದು ಹಾಕಿದ್ರ ಅದು ಹುಚ್ಚೆದ್ದು ತಿರಗ್ತದ. ಒಂದರ ಮಾತು ಒಂದು ಕೇಳ್ಬೇಕು." ಕೊನೆಗೆ ಎರಡಕ್ಕೂ ದಪ್ಪ ರೆಕ್ಕೆಯವನ್ನೇ ಆರಿಸಿದರು. ತಿರುಗುವಾಗ ಓಲಾಡದಂತೆ ಬ್ಯಾಲನ್ಸ್ ಮಾಡಿ, ಶಾಫ್ಟು, ನಟ್ಟು, ಫ್ಯಾನು ಮೂರರ ಮೇಲೂ ಹಾಯುವಂತೆ ಅರದಿಂದ ಒಂದು ಗೆರೆ ಎಳೆದರು. ಆ ಗೆರೆಯೇ ಅವರ ಸಹಿ.

ನೋಡಲು ಸಣ್ಣ ಟರ್ಬೊದ ಫ್ಯಾನು ಹಳೇ ಗಾಡಿಯದರಂತೆ ಮಂಕಾಗಿತ್ತು. ನನ್ನ ಫೋನಿನಲ್ಲೋ, ಬೆಳ್ಳಿಯಂತೆ ಹೊಳೆಯುವ ತೆಳು ರೆಕ್ಕೆಯ ಫ್ಯಾನು ಸಿಳ್ಳೆ ಹಾಕುವ ವಿಡಿಯೊಗಳು. ಹೈದರಾಬಾದಿಗೆ ಹೋಗಿ ಅದೇ ಅಳತೆಯದೊಂದು ತಂದೆ. ಉಸ್ತಾದರು ಕೂಡಿಸಿಕೊಟ್ಟ ಟರ್ಬೊಗಳನ್ನು ಓಡಿಸಿ ನೋಡುವ ಟ್ರಯಲ್ಲಿಗೆ ಮುಂಚೆ ಸೇಡಂನಲ್ಲಿ ಗೆಳೆಯನೊಬ್ಬನ ಗ್ಯಾರೇಜಿನಲ್ಲಿ ಸಣ್ಣ ಟರ್ಬೊದ ಫ್ಯಾನು ಬದಲಿಸಿಬಿಟ್ಟೆ. ಈ ಕಡೆ ಬ್ಯಾಲನ್ಸ್ ಮಾಡಿಸಲು ಉಸ್ತಾದರ ಹತ್ತಿರವೇ ಹೋಗಬೇಕಿತ್ತು, ಹಾಗಾಗಿ ಮಾಡಿಸಲಿಲ್ಲ. ಅರ ತೆಗೆದುಕೊಂಡು ಅವರ ಗೆರೆಯಂಥದ್ದೇ ಗೆರೆ ನಾನೇ ಎಳೆದೆ. ಹೊಳಪು ಕಾಣದಂತೆ ಫ್ಯಾನಿಗೆ ಎಂಜಿನ್ ಮಸಿಯನ್ನೂ ಬಳಿದೆ. ನೆನೆಸಿಕೊಂಡರೆ ಥೂ ಎನಿಸುತ್ತದೆ.

ಮಾರನೆಯ ದಿನ ಮಧ್ಯಾಹ್ನ ವಾಡಿಯ ಶೆಡ್ಡಿನ ಮುಂದೆ ಟ್ರಯಲ್. ಉಸ್ತಾದರು ಪೈಪು ಬಿಚ್ಚಿ ಟರ್ಬೊ ಬಾಯೊಳಗೆ ಇಣುಕಿದರು, ಗೆರೆ ನೋಡಿದರು, ಸರಿ ಎಂದು ತಲೆಯಾಡಿಸಿದರು. ಅವರು ನೋಡಿದ್ದು ನನ್ನ ಗೆರೆ. ನನ್ನ ಗಾಡಿಯ ಡ್ರೈವರ್, ಕ್ಯಾಬಿನ್ನಿನಲ್ಲಿ ಕೂತು ಆಕ್ಸಿಲರೇಟರ್ ಒತ್ತಿದ. ನಾನು ಸಿಳ್ಳೆಯ ವಿಡಿಯೊ ಮಾಡಲು ಫೋನು ಹಿಡಿದು ಟರ್ಬೊ ಪಕ್ಕದಲ್ಲೇ ನಿಂತಿದ್ದೆ. ಅವರು ಹಿಡಿ ಕಚ್ಚಿ ಕಣ್ಣು ಮುಚ್ಚಿದ್ದರು.

ಸದ್ದು ಏರಿತು. ಉಸ್ತಾದರು ಫಕ್ಕನೆ ಕಣ್ಣು ತೆರೆದರು. ಟರ್ಬೊ ಕಡೆ ನೋಡಲಿಲ್ಲ, ನನ್ನನ್ನು ನೋಡಿದರು. ಹಿಡಿ ಬಾಯಿಂದ ಜಾರಿತು.

"ಇದು ನಂದಲ್ಲ."

ಅಷ್ಟೇ. ಎರಡೂ ಕೈ ನನ್ನ ಎದೆಗೆ ಹಾಕಿ ನೂಕಿದರು. ನಾನು ಅಂಗಾತ ಬಿದ್ದೆ. ಆಮೇಲೆ ಢಮ್ ಎಂದಿತು. ಕವಚ ಸೀಳಿ ಬಂದ ಚೂರು ಅವರ ಬಲಗೆನ್ನೆಯಿಂದ ಕಿವಿಯವರೆಗೆ ಹರಿದುಕೊಂಡು ಹೋಗಿತ್ತು. ನೂಕಲು ಸಿಕ್ಕ ಆ ಒಂದು ಕ್ಷಣದಲ್ಲಿ ಅವರು ತಾವೇ ಹಿಂದೆ ಸರಿಯಬಹುದಿತ್ತು.

ಉಳಿದಿದ್ದ ಅರ್ಧ ಕಿವಿಯೂ ಹೋಯಿತು. ಆಸ್ಪತ್ರೆಗೆ ಬಂದ ಡ್ರೈವರುಗಳು ಕೈಸನ್ನೆ ಮಾಡಿ, ಹ್ಯಾಂಗಾತು ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಉಸ್ತಾದರೆಂದರು: "ನಾ ಆರಸಿದ್ ಫ್ಯಾನ್ ತಪ್ಪಾತ್ರಿ. ವಯಸ್ಸಾತು." ನಾನು ಮಂಚದ ಪಕ್ಕದಲ್ಲೇ ನಿಂತಿದ್ದೆ.

ಸುದ್ದಿ ಶಹಾಬಾದ್, ಸೇಡಂ ಎಲ್ಲ ಸುತ್ತಿತು. ಶೆಡ್ಡಿನ ಮುಂದೆ ಗಾಡಿ ನಿಲ್ಲುವುದು ನಿಂತಿತು. ಆದರೂ ಅವರು ದಿನಾ ವಿಭೂತಿ ಹಚ್ಚಿಕೊಂಡು ಬಂದು ಆ ಗೋಡೆಯ ಮುಂದೆ ಕೂರುತ್ತಿದ್ದರು. ಈಗ ಹಣೆಯ ಮೇಲೆ ಗ್ರೀಸು ಬೀಳುತ್ತಿರಲಿಲ್ಲ, ಸಂಜೆಯವರೆಗೂ ವಿಭೂತಿ ಹಾಗೇ ಬೆಳ್ಳಗಿರುತ್ತಿತ್ತು. ಅದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ.

ಕಡೆಗೊಂದು ದಿನ ಹೇಳಿಯೇ ಬಿಡಬೇಕೆಂದು ಹೋದೆ. ತುಟಿ ಅಲುಗಿಸಿದ್ದು ಕಂಡು ಅವರು ನಕ್ಕರು. "ಏನೋ ಹೇಳ್ಲಿಕತ್ತಿ. ನಿಂದ್ರು." ಸ್ಕ್ರೂಡ್ರೈವರಿನ ತುದಿಗೆ ಬಟ್ಟೆ ಸುತ್ತಿ ನನ್ನ ಎದೆಯ ಎಲುಬಿನ ಮೇಲೆ ಇಟ್ಟರು. ಹಿಡಿ ಕಚ್ಚಿ ಕಣ್ಣು ಮುಚ್ಚಿದರು. ಹೇಳು ಎಂದು ಕೈ ಮಾಡಿದರು.

ನಾನೆಂದೆ: "ಉಸ್ತಾದ್... ಊಟ ಆತೇನ್ರಿ?"

ನನ್ನ ಮಾತು ಮುಗಿದ ಮೇಲೂ ಅವರು ಹಿಡಿ ಕಚ್ಚಿಕೊಂಡೇ ಕೇಳುತ್ತಿದ್ದರು. ಆಮೇಲೆ ಹಿಡಿ ಬಾಯಿಂದ ತೆಗೆದು, ಅಂಗಿಗೆ ಒರೆಸಿದರು. "ಊಟ ಆತು. ನಿನ್ನ ಎದಿ ಬ್ಯಾಲನ್ಸ್ ತಪ್ಪಿ ಓಡ್ಲಿಕತ್ತದ ತಮ್ಮಾ. ಹಿಂಗ ಓಡಸಬ್ಯಾಡ."

ಹದಿನೈದು ದಿನಕ್ಕೆ ಹೋಗಿಬಿಟ್ಟರು. ಮಣ್ಣು ಕೊಟ್ಟು ಬಂದ ಮೇಲೆ ಅವರ ಹೆಂಡತಿ ಆ ಸ್ಕ್ರೂಡ್ರೈವರನ್ನು ನನ್ನ ಕೈಗಿಟ್ಟರು. "ನಿಮಗ ಕೊಡಂದಿದ್ರು. ಯಾಕಂತ ಕೇಳಿದ್ರ ಹೇಳಲಿಲ್ರಿ," ಎಂದರು. ಅವರ ಮುಖ ನೋಡಲಾಗದೆ ನಾನು ಹಿಡಿಯ ಮೇಲಿನ ಹಲ್ಲಿನ ಗುರುತನ್ನೇ ನೋಡುತ್ತ ನಿಂತೆ.

ಅವರು ಆರಿಸಿದ ಆ ಮಂಕು ಫ್ಯಾನು ನನ್ನ ಟೂಲ್ ಬಾಕ್ಸಿನಲ್ಲೇ ಇತ್ತು. ಹೊಸ ಟರ್ಬೊ ತಂದು, ಹೈದರಾಬಾದಿನಲ್ಲಿ ಬ್ಯಾಲನ್ಸ್ ಮಾಡಿಸಿ ಆ ಫ್ಯಾನನ್ನೇ ಕೂಡಿಸಿದೆ. ಈಗ ಚಿಂಚೋಳಿಯ ಏರನ್ನು ಗಾಡಿ ತುಂಬಿದ ಲೋಡಿನಲ್ಲಿ ಒಂದೇ ಉಸಿರಿಗೆ ಹತ್ತುತ್ತದೆ. ಮೇಲೆ ಹೋಗಿ ನಿಲ್ಲಿಸಿ, ಎಂಜಿನ್ ಓಡುತ್ತಿರುವಾಗಲೇ ಇಳಿದು, ಅವರ ಹಲ್ಲಿನ ಗುರುತಿನಲ್ಲೇ ಹಲ್ಲಿಟ್ಟು ಕಚ್ಚಿ ಕೇಳುತ್ತೇನೆ. ಫ್ಯಾನಿನಲ್ಲಿ ಯಾವ ದೋಷವೂ ಇಲ್ಲ. ಆದರೆ ಪ್ರತಿ ಸಲವೂ ಅದರೊಳಗಿಂದ ಅವರದೇ ದನಿ ಬರುತ್ತದೆ: ಇದು ನಂದಲ್ಲ. ಹಿಡಿ ಬಿಟ್ಟರೂ ಬರುತ್ತದೆ.

ಅವರ ಎದುರು ಆಡಲಾಗದ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ. ಶಹಾಬಾದ್, ಸೇಡಂ ಕಡೆಯ ಡ್ರೈವರುಗಳಿಗೆ ಯಾರಾದರೂ ಓದಿ ಹೇಳಿ. ಅವತ್ತು ಒಡೆದದ್ದು ನಾನು ಕದ್ದುಮುಚ್ಚಿ ಹಾಕಿದ ಫ್ಯಾನು. ಉಸ್ತಾದರು ಆರಿಸಿದ್ದು ಒಡೆಯಲೇ ಇಲ್ಲ. ಅದು ಇವತ್ತಿಗೂ ನನ್ನ ಗಾಡಿಯಲ್ಲಿ ತಿರುಗುತ್ತಿದೆ.