ಆರತಿ ಹಾಡಿನ ಡಿಸ್ಕು

ಖಾಲಿ ಡಿಸ್ಕನ್ನು ಬಿಡಿಯಾಗಿ ಕೊಳ್ಳಬಾರದು. ಕವರಿಗೆ ಹಾಕಿ ಒಂದೊಂದಾಗಿ ಮಾರುವ ಮಾಲು ಯಾವ ಅಂಗಡಿಯ ಬಾಗಿಲಲ್ಲಿ ಎಷ್ಟು ಬಿಸಿಲು ಕುಡಿದಿದೆಯೋ ದೇವರೇ ಬಲ್ಲ. ಸೀಲು ಒಡೆಯದ ಡಬ್ಬಿ ಬೇಕು, ಒಮ್ಮೆ ಮಾತ್ರ ಬರೆಯಲು ಬರುವಂಥದ್ದೇ ಬೇಕು, ಬರೆಯುವಾಗ ಕಂಪ್ಯೂಟರಿಗೆ ಅವಸರ ಮಾಡಬಾರದು. ಇಷ್ಟೆಲ್ಲ ನಾನು ಕಲಿತದ್ದು ಮಗಳ ಮದುವೆ ನಿಶ್ಚಯವಾದ ಮೇಲೆ, ಮೈಯೆಲ್ಲ ಸಿಟ್ಟಾಗಿ.

ಕಾರಣ ಅಮ್ಮನ ಗಂಟಲು. ನಮ್ಮ ಮನೆಯ ಮದುವೆಗಳಲ್ಲಿ ಆರತಿ ಹಾಡು ಅಂದರೆ ಅಮ್ಮ. ಅವಳು ಬಾಯಿ ತೆಗೆದರೆ ಅಡುಗೆಯವರೂ ಸೌಟು ಹಿಡಿದು ಬಾಗಿಲಿಗೆ ಬರುತ್ತಿದ್ದರು. ಕಳೆದ ವರ್ಷ ಗಂಟಲಿನ ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಹೋಯಿತು. ಈಗ ಮಾತಾಡಿದರೆ ಉಸಿರಷ್ಟೇ ಕೇಳುತ್ತದೆ. ಮೊಮ್ಮಗಳ ಮದುವೆಗೆ ಹಾಡುವವರು ಯಾರು ಎಂದು ಅವಳು ಒಮ್ಮೆಯೂ ಕೇಳಲಿಲ್ಲ. ಕೇಳದೇ ಇದ್ದದ್ದೇ ನನಗೆ ಹೆಚ್ಚು ಸಂಕಟವಾಯಿತು.

ನನ್ನ ಮದುವೆಯ ವಿಡಿಯೋ ಟೇಪು ನಮ್ಮ ಕ್ರೋಂಪೇಟೆ ಮನೆಯ ಅಟ್ಟದಲ್ಲಿತ್ತು. ಬೂಷ್ಟು ಹಿಡಿಯದೆ ಉಳಿದದ್ದು ನನ್ನ ಪುಣ್ಯ. ಅದನ್ನು ಕಂಪ್ಯೂಟರಿಗೆ ಇಳಿಸಿಕೊಂಡು, ಅಮ್ಮ ಹಸೆಮಣೆಯ ಮುಂದೆ ನಿಂತು ಆರತಿ ಹಾಡುವ ಭಾಗವನ್ನು ಬೇರೆ ಮಾಡಿದೆ. ಹಾಡು ಮುಗಿದ ಕೂಡಲೇ ಅವಳು ನನ್ನನ್ನು ಗದರುವುದೂ ಅದರಲ್ಲಿತ್ತು. ಕತ್ತರಿಸಲು ಹೋದೆ. ಗದರಲಿ ಬಿಡು, ಅದೂ ಅವಳ ದನಿಯೇ ತಾನೇ ಎಂದು ಹಾಗೇ ಬಿಟ್ಟೆ. ಛತ್ರದಲ್ಲಿ ಆರತಿಯ ಹೊತ್ತಿಗೆ ಇದನ್ನೇ ಹಾಕಿಸಬೇಕು, ಆದರೆ ಮೊದಲು ಅಮ್ಮ ಕೇಳಿ ಹೂಂ ಅನ್ನಬೇಕು ಎಂದು ತೀರ್ಮಾನಿಸಿದೆ.

"ಪೆನ್‌ಡ್ರೈವ್‌ಲ ಪೋಟ್ಟು ಕುಡುಮ್ಮಾ, ಡಿಸ್ಕೆಲ್ಲಾಂ ಯಾರು ಪಾಕ್ಕುರಾಂಗ?" ಎಂದಳು ಮಗಳು. ಪೆನ್‌ಡ್ರೈವಿಗೆ ಹಾಕಿಕೊಡು, ಡಿಸ್ಕೆಲ್ಲ ಈಗ ಯಾರು ನೋಡುತ್ತಾರೆ ಅಂತ. ಈ ತಮಿಳು ಊರಿನಲ್ಲೇ ಹುಟ್ಟಿ ಬೆಳೆದವಳು, ನಾನು ಕನ್ನಡದಲ್ಲಿ ಕೇಳಿದರೆ ಅವಳು ಉತ್ತರಿಸುವುದು ತಮಿಳಿನಲ್ಲೇ.

ಅಪ್ಪ ಅಮ್ಮ ಇರುವುದು ಊರಿನ ಇನ್ನೊಂದು ತುದಿಯ ಮಾಧವರಂನಲ್ಲಿ, ನನ್ನ ತಮ್ಮನ ಜೊತೆ. ಅಲ್ಲಿನ ಟಿವಿಗೆ ಪೆನ್‌ಡ್ರೈವ್ ಚುಚ್ಚಿದರೆ ಅದನ್ನು ಹಾಕಿಕೊಡಲು ತಮ್ಮ ಆಫೀಸಿನಿಂದ ಬರಬೇಕು. ಹಳೆಯ ಡಿಸ್ಕ್ ಪ್ಲೇಯರಾದರೆ ಅಮ್ಮ ತಾನೇ ಹಾಕುತ್ತಾಳೆ, ತಾನೇ ತೆಗೆಯುತ್ತಾಳೆ. ದನಿ ಕಳೆದುಕೊಂಡವಳು ತನ್ನ ಹಾಡು ಕೇಳಲೂ ಇನ್ನೊಬ್ಬರ ದಾರಿ ಕಾಯಬೇಕೇ? ಡಿಸ್ಕೇ ಸರಿ ಎಂದೆ.

ಸ್ಟೇಷನ್ ಹತ್ತಿರದ ಅಂಗಡಿಯಲ್ಲಿ ಸಿಕ್ಕ ಒಂದು ಬಿಡಿ ಡಿಸ್ಕಿಗೆ ಬರೆದು ಕಳಿಸಿದೆ. ಸಂಜೆ ತಮ್ಮ ಫೋನು ಮಾಡಿದ. "ಅಕ್ಕಾ, ಹಾಡು ಅರ್ಧಕ್ಕೇ ನಿಂತೋಯ್ತು. ಅಮ್ಮ ಮುಖ ಸಣ್ಣ ಮಾಡ್ಕೊಂಡಿದಾಳೆ."

"ಬಿಸಾಕೋ ಅದನ್ನ! ಬೇರೆ ಕಳಿಸ್ತೀನಿ."

ಕಂಪ್ಯೂಟರ್ ಸಾಮಾನಿನ ಅಂಗಡಿಗಳೇ ತುಂಬಿರುವ ರಿಚಿ ಸ್ಟ್ರೀಟಿಗೆ ಹೋದೆ. ಅಂಗಡಿಯವನು, "ಇಪ್ಪೊ ಯಾರುಮ್ಮಾ ಡಿಸ್ಕ್ ವಾಂಗುರಾಂಗ?" ಎಂದು ನಕ್ಕ. ನಾನು ತಗೋತೀನಪ್ಪಾ, ತೆಗಿ ಎಂದು ಒಳಗಿನ ಕಪಾಟು ಜಾಲಾಡಿಸಿ ಸೀಲು ಒಡೆಯದ ಡಬ್ಬಿ ತಂದೆ. ಎಲ್ಲಕ್ಕಿಂತ ನಿಧಾನದ ವೇಗದಲ್ಲಿ ಬರೆದೆ. ಬೆಳಕಿಗೆ ಹಿಡಿದು ನೋಡಿದೆ. ನಮ್ಮ ಮನೆಯ ಪ್ಲೇಯರಿನಲ್ಲಿ ಮೊದಲಿಂದ ಕೊನೆಯವರೆಗೆ ಕೂತು ಕೇಳಿದೆ. ಮೇಲೆ ಮೆತ್ತನೆಯ ಮಾರ್ಕರಿನಲ್ಲಿ 'ಅಮ್ಮನ ಆರತಿ ಹಾಡು' ಎಂದು ಬರೆದು, ಅಮ್ಮನಿಗೆ ಫೋನಿನಲ್ಲಿ ಎಚ್ಚರಿಕೆಯನ್ನೂ ಕೊಟ್ಟೆ. "ಬರೆದಿರೋ ಕಡೆ ಕೈ ಹಾಕ್ಬೇಡಮ್ಮಾ, ಅಳಿಸಿಹೋಗತ್ತೆ."

ಅದೂ ನಿಂತಿತು. ಈ ಸಲ ಬೇರೆ ಸಾಲಿನಲ್ಲಿ.

"ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ," ಎಂದ ತಮ್ಮ. "ಡಿಸ್ಕನ್ನ ಯಾಕೆ ಬೈತೀಯಕ್ಕಾ? ನಿನಗೆ ಬರ್ನ್ ಮಾಡಕ್ಕೇ ಬರಲ್ಲ. ಪರವಾಯಿಲ್ಲೆ, ಬಿಟ್ಬಿಡು."

ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಬಿಡುವುದಂತೆ! ಬೇರೆ ಕಂಪನಿಯ ಡಬ್ಬಿ ತಂದೆ, ಬರೆದೆ, ಕೇಳಿದೆ, ಕಳಿಸಿದೆ. ಅದೂ ನಿಂತಿತು. ಈ ಸಲ ಫೋನಿಗೆ ಬಂದವಳು ಅಮ್ಮ. ಕಿವಿಗೆ ಒತ್ತಿ ಹಿಡಿದು ಕೇಳಿಸಿಕೊಂಡೆ.

"ಸಾಕು ಕಣೇ. ಆರತಿ ಹಾಡು ನಡುವೆ ನಿಲ್ಲಬಾರದು, ಅಪಶಕುನ. ದೇವರಿಗೇ ಬೇಡ ಅಂತ ಕಾಣತ್ತೆ. ಮದುವೇಲಿ ಹಾಕ್ಬೇಡ."

ಫೋನಿಟ್ಟು ಅತ್ತೆ. ಗಂಟಲು ಹೋದಾಗ ಅಳದ ಅಮ್ಮ ಈಗ ತನ್ನ ಹಾಡನ್ನೇ ಮನೆಯಿಂದ ಹೊರಗೆ ಹಾಕುತ್ತಿದ್ದಳು. ಆಮೇಲೆ ಮುಖ ತೊಳೆದುಕೊಂಡೆ. ನಾನೂ ಅವಳ ಮಗಳೇ. ಇನ್ನೊಂದು ಡಿಸ್ಕು ಬರೆದೆ, ಕೊನೆಯವರೆಗೂ ಕೇಳಿದೆ, ಮಾರನೆಯ ಬೆಳಿಗ್ಗೆ ನಾನೇ ಮಾಧವರಂಗೆ ಹೊರಟೆ. ಅದು ನನ್ನ ಕಣ್ಣೆದುರೇ ನಿಲ್ಲಲಿ, ನೋಡಿಯೇಬಿಡೋಣ ಎಂದುಕೊಂಡೆ.

ಅಪ್ಪ ಪೇಪರಿನಿಂದ ತಲೆ ಎತ್ತದೆ, "ಬಂದ್ಯಾ, ಇನ್ನೊಂದು ತಂದ್ಯಾ?" ಎಂದರು. ಅಮ್ಮ ಬೇಡ ಬೇಡ ಎಂದು ಕೈಯಾಡಿಸಿದಳು. ಇದೊಂದು ಸಲ ಎಂದು ಅವಳ ಕೈಗೇ ಡಿಸ್ಕು ಕೊಟ್ಟೆ. ಅವಳು ನೇರ ಪ್ಲೇಯರಿನ ಹತ್ತಿರ ಹೋಗಲಿಲ್ಲ. ದೇವರ ಮನೆಗೆ ಹೋದಳು. ನಾನು ಬರೆದ ಅಕ್ಷರಕ್ಕೆ ಬೆರಳು ತಾಗದಂತೆ ಜೋಪಾನವಾಗಿ ಡಿಸ್ಕನ್ನು ಮಗುಚಿದಳು. ಬೆರಳನ್ನು ನೀರಿಗೆ ಅದ್ದಿ, ಪ್ಲೇಯರು ಹಾಡು ಓದುವ ಆ ಹೊಳೆಯುವ ಮೈಯ ಮೇಲೆ ಅರಿಸಿನ ಹಚ್ಚಿ, ಅದರ ಮೇಲೆ ದುಂಡಗೆ ಕುಂಕುಮ ಇಟ್ಟಳು.

ನಮ್ಮ ಮನೆಗೆ ಬಂದ ಫ್ರಿಜ್ಜು, ಸ್ಕೂಟರು, ತಮ್ಮನ ಲ್ಯಾಪ್‌ಟಾಪು, ಎಲ್ಲಕ್ಕೂ ಅವಳು ಹೀಗೇ ಇಟ್ಟಿದ್ದಾಳೆ. ಇಡದೆ ಯಾವುದನ್ನೂ ಬಳಸುವವಳಲ್ಲ. ಮತ್ತೆ ಮತ್ತೆ ರಿಚಿ ಸ್ಟ್ರೀಟಿಗೆ ಓಡಾಡಿ, ಕಂಪನಿಗಳನ್ನೆಲ್ಲ ಬೈದು ಬಂದ ನಾನು ಹೊಸ್ತಿಲ ಮೇಲೇ ಕೂತುಬಿಟ್ಟೆ. ನಗು ಬಂತು, ಕೂಗಾಡೋಣ ಅಂತಲೂ ಅನ್ನಿಸಿತು. ಆದರೆ ನಿನ್ನ ಕುಂಕುಮದಿಂದಲೇ ನಿಂತಿತು ಎಂದು ಅವಳಿಗೆ ಹೇಗೆ ಹೇಳಲಿ? ಮೊದಲೇ ಅಪಶಕುನ ಎಂದು ಹೆದರಿದ್ದಾಳೆ.

"ಅಮ್ಮಾ, ಇದಕ್ಕೆ ಕುಂಕುಮ ಇಡೋ ಜಾಗ ಬೇರೆ ಇದೆ," ಎಂದೆ. ಮೆತ್ತನೆಯ ಬಟ್ಟೆ ಒದ್ದೆ ಮಾಡಿ ಒಳಗಿನಿಂದ ಅಂಚಿನ ಕಡೆಗೆ ಒರೆಸಿದೆ, ಆರಿಸಿದೆ. ನಡುವಿನ ತೂತಿನ ಸುತ್ತ ಬರವಣಿಗೆಯೇ ಇಲ್ಲದ ಗಾಜಿನಂಥ ಬಳೆ ಇರುತ್ತದಲ್ಲ, ಅದನ್ನು ತೋರಿಸಿದೆ. "ಇಲ್ಲಿ, ಚುಕ್ಕೆಯಷ್ಟೇ ಇಡು."

ಅಮ್ಮ ನನ್ನ ಮುಖ ನೋಡಿದಳು, ಬಟ್ಟೆಯಲ್ಲಿದ್ದ ಕೆಂಪು ನೋಡಿದಳು. ಅವಳೇನು ದಡ್ಡಿಯಲ್ಲ. ಆ ಬಳೆಯ ಮೇಲೆ ಸಾಸಿವೆಯಷ್ಟು ಕುಂಕುಮ ಇಟ್ಟಳು. ಒಣಗಿದ ಮೇಲೆ ಡಿಸ್ಕು ಹಾಕಿ ತಾನೇ ರಿಮೋಟು ಒತ್ತಿದಳು. ಹಾಡು ಒಂದೊಂದೇ ಸಾಲು ದಾಟಿತು. ಅಪ್ಪ ಪೇಪರು ಮಡಿಸಿದರು. ಹಾಡು ಮುಗಿದು, ಗದರಿದ್ದೂ ಮುಗಿದಾಗ ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, "ಹಾಕು," ಎಂದಳು.

ಮದುವೆಯ ದಿನ ಛತ್ರದ ತುಂಬ ಅಮ್ಮನ ಹಾಡು ಕೇಳಿತು. ಅಮ್ಮ ಆರತಿ ತಟ್ಟೆ ಹಿಡಿದು ಮೊಮ್ಮಗಳ ಮುಂದೆ ನಿಂತಿದ್ದಳು, ತುಟಿಯಷ್ಟೇ ಆಡುತ್ತಿತ್ತು. ಹಸೆಮಣೆಯ ಮೇಲಿದ್ದ ಮಗಳು ಅಳು ಬಚ್ಚಿಡಲು ತಲೆ ಬಗ್ಗಿಸಿಬಿಟ್ಟಿದ್ದಳು, ಅಂದು ನನ್ನ ಮದುವೆಯಲ್ಲಿ ನಾನು ಕೂತಿದ್ದ ಹಾಗೆಯೇ. ಹಾಡು ಮುಗಿಯಿತು. ಸ್ಪೀಕರಿನಿಂದ ಅಮ್ಮನ ದನಿ ಗದರಿತು.

"ತಲೆ ಎತ್ತೇ! ಹೀಗೆ ಬಗ್ಗಿಸ್ಕೊಂಡು ಕೂತ್ರೆ ಕುಂಕುಮ ಎಲ್ಲಿಡ್ಲಿ?"

ಮಗಳು ಬೆಚ್ಚಿ ತಲೆ ಎತ್ತಿದಳು. ಅಮ್ಮ ಕುಂಕುಮ ಇಟ್ಟಳು.