ಅಮಾವಾಸ್ಯೆಗೆ ಬದಲಾಗುತ್ತಿದ್ದ ಎಣ್ಣೆ

ನಮ್ಮಪ್ಪ ಕಾರಿನ ಎಂಜಿನ್ ಎಣ್ಣೆ ಬದಲಿಸುತ್ತಿದ್ದುದು ಅಮಾವಾಸ್ಯೆಗೆ. ಕಾರು ಓಡಿರಲಿ, ಕೊಟ್ಟಿಗೆಯಲ್ಲಿ ಕೋಳಿಗಳಿಗೆ ಅಟ್ಟವಾಗಿ ನಿಂತೇ ಇರಲಿ, ಅಮಾವಾಸ್ಯೆ ಬಂತೆಂದರೆ ಬೆಳಿಗ್ಗೆ ಅದನ್ನು ತೊಳೆದು, ವಿಭೂತಿ ಬಳಿದು, ಗಾಲಿಗಳಿಗೆ ನಿಂಬೆಹಣ್ಣಿಟ್ಟು, ಹಳೆ ಎಣ್ಣೆ ಬಸಿದು ಹೊಸದು ಹುಯ್ಯಲೇಬೇಕು. ಎಣ್ಣೆ ಕೆಡುವುದು ಓಡಿದ ಮೈಲಿಯಿಂದಲೇ ಹೊರತು ಚಂದ್ರನಿಂದಲ್ಲ ಎಂದು ಡ್ರೈವರು ಹೇಳಿ ಹೇಳಿ ಸೋತಿದ್ದ. ಅಪ್ಪ ಕೇಳಬೇಕಲ್ಲ! ಹಳೆ ಎಣ್ಣೆ ಹೊಟ್ಟೆಯಲ್ಲಿಟ್ಟುಕೊಂಡು ಗಾಡಿ ಅಮಾವಾಸ್ಯೆ ದಾಟಬಾರದು ಎನ್ನುವುದು ಅವನದೇ ಶಾಸ್ತ್ರ. ಯಾವ ಪುರೋಹಿತನೂ ಹೇಳಿಕೊಟ್ಟದ್ದಲ್ಲ.

ಬಸಿದ ಕರಿ ಎಣ್ಣೆಗಾಗಿ ಊರಿನ ಎತ್ತಿನ ಗಾಡಿಯವರು ಕಾದಿರುತ್ತಿದ್ದರು. ಅಚ್ಚಿಗೆ ಹಚ್ಚುವ ಕೀಲೆಣ್ಣೆಯ ಬಿದಿರು ಗೊಟ್ಟ ಪ್ರತಿ ಗಾಡಿಯ ಅಡಿಯಲ್ಲೂ ನೇತಾಡುತ್ತಿತ್ತು. ಅಪ್ಪ ಕೈಯಾರೆ ಗೊಟ್ಟಗಳಿಗೆ ಹುಯ್ದು ಕೊಡುತ್ತಿದ್ದ. ದೇವರ ಪ್ರಸಾದ ಕೊಡುವವನಿಗೂ ಅಷ್ಟು ಗತ್ತು ಇರಲಿಕ್ಕಿಲ್ಲ.

ನಮ್ಮೂರು ಮಳವಳ್ಳಿಗೂ ಮದ್ದೂರಿಗೂ ನಡುವೆ, ಚಿಕ್ಕರಸಿನಕೆರೆಯ ಹತ್ತಿರ. ಎರಡನೇ ಮಹಾಯುದ್ಧದ ಕಾಲ. ಪೆಟ್ರೋಲು ಕೂಪನ್ನಿಗೆ ಸಿಗುತ್ತಿತ್ತು. ಬಸ್ಸುಗಳು ಬೆನ್ನಿಗೆ ಇದ್ದಲಿನ ಒಲೆ ಕಟ್ಟಿಕೊಂಡು ಓಡುತ್ತಿದ್ದವು, ಅಂದರೆ ಮನಸ್ಸು ಬಂದ ದಿನ ಓಡುತ್ತಿದ್ದವು. ನಾನು ಮಳವಳ್ಳಿಯಲ್ಲಿ ಸೋದರಮಾವನ ಮನೆಯಲ್ಲಿದ್ದು ಓದಿ, ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕಟ್ಟಿದ್ದೆ. ಪರೀಕ್ಷೆ ಮಂಡ್ಯದಲ್ಲಿ. ಅಪ್ಪ ಒಪ್ಪಿದ್ದೂ ಒಂದು ಕರಾರಿನ ಮೇಲೆ. ಮಳವಳ್ಳಿ ಕಡೆಯ ಗಂಡೊಂದು ಗೊತ್ತಾಗಿತ್ತು. ನಾನು ಫೇಲಾದರೆ, ಇಲ್ಲವೇ ಪರೀಕ್ಷೆ ತಪ್ಪಿದರೆ, ಬಾಯಿ ಮುಚ್ಚಿಕೊಂಡು ಹಸೆಮಣೆ ಏರಬೇಕು. ಆ ಗಂಡನ್ನು ನಾನು ನೋಡಿದ್ದೆ. ನೋಡಿದ ಮೇಲೆ ಇನ್ನೂ ಚೆನ್ನಾಗಿ ಓದಿದೆ.

ನಾನು ಊರಿಗೆ ಬಂದಿದ್ದೆ, ಪರೀಕ್ಷೆಯ ಹಿಂದಿನ ದಿನವೇ ಮಂಡ್ಯಕ್ಕೆ ಹೊರಡಬೇಕಿತ್ತು; ಅಂದೇ ಅಮಾವಾಸ್ಯೆ ಬಿತ್ತು. ಆ ದಿನ ಹೆಣ್ಣುಮಗಳು ಹೊಸಿಲು ದಾಟಬಾರದೆಂದು ಅಜ್ಜಿ ಪಟ್ಟು ಹಿಡಿದಳು. ಮರುದಿನ ಮುಂಜಾನೆ ಕಾರಲ್ಲಿ ಹೋದರಾಯಿತು ಎಂದು ತೀರ್ಮಾನವಾಯಿತು. ಡ್ರೈವರು ಅಮಾವಾಸ್ಯೆ ಪೂಜೆಗೆಂದು ತನ್ನೂರಿಗೆ ಹೋಗಿದ್ದ. ಅಪ್ಪ ಆಳನ್ನು ಜೊತೆಗಿಟ್ಟುಕೊಂಡು ತಾನೇ ಎಣ್ಣೆ ಬಸಿದ, ಗಾಡಿಯವರಿಗೆ ಹಂಚಿದ. ಹೊಸ ಎಣ್ಣೆಯ ಡಬ್ಬ ಮದ್ದೂರಿನ ಅಂಗಡಿಯಿಂದ ಸಂಜೆ ಬಸ್ಸಿಗೆ ಬರಬೇಕಿತ್ತು. ಡಬ್ಬ ಕೈಗೆ ಬರುವ ಮುಂಚೆ ಇದ್ದದ್ದನ್ನೂ ಚೆಲ್ಲಿಕೊಳ್ಳುವ ಮನುಷ್ಯ ಇನ್ನೊಬ್ಬನಿದ್ದರೆ ತೋರಿಸಿ. ಸಂಜೆ ಬಸ್ಸು ಬರಲಿಲ್ಲ. ಬೆಳಿಗ್ಗೆಯೂ ಬರಲಿಲ್ಲ.

ಬೆಳಗಾಗುವಾಗ ಬಂದ ಡ್ರೈವರು ಎಂಜಿನ್ನಿಗೆ ಎಣ್ಣೆ ಅಳೆಯುವ ಕಡ್ಡಿ ಅದ್ದಿ ನೋಡಿ, ಒಣಗಿದ್ದ ಆ ಕಡ್ಡಿಯನ್ನು ಅಪ್ಪನ ಮುಖದ ಮುಂದೆ ಹಿಡಿದ. ನನಗೆ ಮೈಯೆಲ್ಲ ಉರಿದುಹೋಯಿತು. ಅದುವರೆಗೆ ಅಪ್ಪನ ಎದುರು ತಲೆ ಎತ್ತಿ ಮಾತಾಡಿದವಳಲ್ಲ ನಾನು.

“ನೀನು ಬೇಕೂಂತ್ಲೇ ಮಾಡ್ದೆ,” ಎಂದೆ. “ನಾನು ಪರೀಕ್ಸೆಗೆ ಓಗ್ಬಾರ್ದು, ಅಷ್ಟೇ ನಿಂಗೆ ಬೇಕಾಗಿದ್ದದ್ದು.”

ಅವ್ವ ನನ್ನ ಬಾಯಿಗೆ ಕೈ ಅಡ್ಡ ಇಟ್ಟಳು. ಅಪ್ಪ ಹೊಡೆಯುತ್ತಾನೆಂದೇ ನಾನು ನಿಂತಿದ್ದೆ. ಅವನು ಹೊಡೆಯಲಿಲ್ಲ. ಹಿತ್ತಲಿಂದ ಒಂದು ಪಾತ್ರೆ ಎತ್ತಿಕೊಂಡು ಗದ್ದೆ ಕಡೆ ಹೊರಟ.

ಗದ್ದೆ ಬದುವಿನಲ್ಲಿ ಗಾಡಿಗಳಿಗೆ ಕಬ್ಬು ಹೇರುತ್ತಿದ್ದರು. ನಾನೂ ಡ್ರೈವರೂ ಹಿಂದೆಯೇ ಓಡಿದೆವು. ಕೊಟ್ಟದ್ದನ್ನು, ಅದೂ ಅಮಾವಾಸ್ಯೆ ದಿನ ಕೊಟ್ಟದ್ದನ್ನು ವಾಪಸು ಕೇಳುವುದು ನಮ್ಮ ಕಡೆ ಸಣ್ಣ ಮಾತಲ್ಲ. ಕೇಳಿದವನ ಮರ್ಯಾದೆ ಮೂರುಕಾಸಿಗೆ ಇಳಿಯುತ್ತದೆ. ಅಪ್ಪ ಹೆಗಲ ಮೇಲಿನ ಟವಲು ತೆಗೆದು ಕಂಕುಳಲ್ಲಿಟ್ಟುಕೊಂಡು ಒಂದೊಂದು ಗಾಡಿಯ ಮುಂದೆಯೂ ನಿಂತ. ಕೆಲವರು ಮುಖ ತಿರುಗಿಸಿ ನಕ್ಕರು. ಆದರೂ ಇಲ್ಲವೆಂದವರಿಲ್ಲ. ಪೇಚಾಟ ಬೇರೆಯೇ ಇತ್ತು. ಎಣ್ಣೆ ಗಟ್ಟಿಯಾಗಲೆಂದು ಹಲವರು ಅದಕ್ಕೆ ಆಗಲೇ ಹುಲ್ಲಿನ ಬೂದಿ ಬೆರೆಸಿಬಿಟ್ಟಿದ್ದರು. ಬೂದಿ ಎಂಜಿನ್ನಿಗೆ ಹೋದರೆ ಒಳಗಿನದೆಲ್ಲ ಮರಳುಕಾಗದದಲ್ಲಿ ಉಜ್ಜಿದಂತೆ. ಡ್ರೈವರು ಪ್ರತಿ ಗೊಟ್ಟಕ್ಕೂ ಬೆರಳದ್ದಿ ಉಜ್ಜಿ ನೋಡುತ್ತಿದ್ದ. ಅವನು ಬೇಡವೆಂದು ತಲೆ ಅಲ್ಲಾಡಿಸಿದಾಗಲೆಲ್ಲ ನಾನು ಮುಂದಿನ ಗಾಡಿಯತ್ತ ಓಡುತ್ತಿದ್ದೆ. ಹೊತ್ತು ಏರುತ್ತಿತ್ತು.

ಸಿಕ್ಕಿದ್ದನ್ನು ಅವ್ವನ ಹಳೆ ಸೀರೆಯಲ್ಲಿ ಸೋಸಿದೆವು. ಸಾಲದೆ ಬಂತು. ಅಜ್ಜಿ ತಲೆಗೆ ಹಚ್ಚಲು ಇಟ್ಟಿದ್ದ ಹರಳೆಣ್ಣೆಯ ಗಡಿಗೆಯನ್ನು ತಂದು ಅವ್ವನೇ ಡ್ರೈವರನ ಕೈಗೆ ಕೊಟ್ಟಳು. ಅವನು ಒಮ್ಮೆ ಅಪ್ಪನ ಮುಖ, ಒಮ್ಮೆ ಗಡಿಗೆ ನೋಡಿ, ದೇವರ ಮೇಲೆ ಭಾರ ಹಾಕಿ ಹುಯ್ದ.

ಅಪ್ಪ, ನಾನು, ಡ್ರೈವರು ಮೂವರೂ ಮದ್ದೂರಿಗೆ ಬಂದಾಗ ಎಣ್ಣೆ ಅಂಗಡಿಗೆ ಬೀಗ ಹಾಕಿತ್ತು, ತೆಗೆಯುವವರೆಗೆ ಕಾಯಲು ಹೊತ್ತಿರಲಿಲ್ಲ. ಡ್ರೈವರು ಎತ್ತಿನ ಗಾಡಿ ಹೊಡೆದ ಹಾಗೆ ನಿಧಾನಕ್ಕೆ ಓಡಿಸುತ್ತಿದ್ದ. ಜೋರು ಹೋಗೆಂದು ಕೂಗಬೇಕೆನಿಸುತ್ತಿತ್ತು. ಅಪ್ಪನ ಮೇಲಿನ ಸಿಟ್ಟು ಇಳಿದಿರಲಿಲ್ಲ, ಅವನ ಕಡೆ ನೋಡಲೂ ಇಲ್ಲ. ಮಂಡ್ಯ ಇನ್ನೂ ದೂರವಿರುವಾಗಲೇ ಎಂಜಿನ್ನಿನೊಳಗೆ ಟಕ್ ಟಕ್ ಎಂಬ ಸದ್ದು ಶುರುವಾಯಿತು. ಮೊದಲು ಸಣ್ಣಗೆ, ಆಮೇಲೆ ಕಮ್ಮಾರನ ಕುಲುಮೆಯಂತೆ. ಸುಟ್ಟ ಹರಳೆಣ್ಣೆ ವಾಸನೆ ಮೂಗಿಗೆ ಅಡರಿತು. ಡ್ರೈವರು ರಸ್ತೆಯ ಅಂಚಿಗೆ ನಿಲ್ಲಿಸಿದ.

“ಗೌಡ್ರೇ, ಇಲ್ಲೇ ಆರಾಕ್ ಬುಟ್ರೆ ಕಾರು ಉಳೀತದೆ. ಇಂಗೇ ಓಡ್ಸುದ್ರೆ ಎಂಜಿನ್ನು ಸತ್ತೋಯ್ತದೆ.”

ಆರುವುದಕ್ಕೆ ಎಷ್ಟು ಹೊತ್ತು ಎಂದು ಅಪ್ಪ ಕೇಳಿದ. ಪರೀಕ್ಷೆ ಶುರುವಾಗುವ ಹೊತ್ತಿಗಂತೂ ಆಗುವುದಿಲ್ಲ ಎಂದು ಡ್ರೈವರು ತಲೆ ತಗ್ಗಿಸಿ ಹೇಳಿದ.

ಅಪ್ಪನಿಗೆ ಆ ಕಾರೆಂದರೆ ಪ್ರಾಣ. ಸುತ್ತಮುತ್ತಲ ಹಳ್ಳಿಗಳಲ್ಲಿ ಇನ್ನೊಂದಿರಲಿಲ್ಲ. ಯುದ್ಧ ಮುಗಿಯುವ ತನಕ ಅದಕ್ಕೆ ಒಂದು ಮೊಳೆಯೂ ಸಿಗುವಂತಿರಲಿಲ್ಲ. ಮುಗೀತು ನನ್ನ ಕಥೆ ಎಂದುಕೊಂಡೆ. ಇಳಿದು ಮಂಡ್ಯಕ್ಕೆ ಓಡಿಬಿಡೋಣವೆಂದು ಬಾಗಿಲಿಗೆ ಕೈಯನ್ನೂ ಇಟ್ಟಿದ್ದೆ.

“ಓಡ್ಸ್ಲಾ,” ಎಂದ ಅಪ್ಪ. “ಸತ್ರೆ ಸಾಯ್ಲಿ.”

ಡ್ರೈವರು ಓಡಿಸಿದ. ಆ ಸದ್ದು ಇಂದಿಗೂ ನನ್ನ ಕಿವಿಯಲ್ಲಿದೆ. ಹಲ್ಲು ಕಡಿದುಕೊಂಡು ಅಳುವವರ ಸದ್ದಿನಂತಿತ್ತು. ಮಂಡ್ಯದ ಸಕ್ಕರೆ ಕಾರ್ಖಾನೆಗೆ ಸಾಲುಗಟ್ಟಿದ್ದ ಕಬ್ಬಿನ ಗಾಡಿಗಳ ಹತ್ತಿರ ಬರುವಷ್ಟರಲ್ಲಿ ಕಾರು ಒಂದು ಸಲ ನಡುಗಿ ಜಗ್ಗನೆ ನಿಂತುಹೋಯಿತು. ಮತ್ತೆ ಮಿಸುಕಲಿಲ್ಲ. ಅಪ್ಪ ಅದನ್ನು ತಿರುಗಿಯೂ ನೋಡಲಿಲ್ಲ. ಪಂಚೆ ಮೊಣಕಾಲಿಗೆ ಎತ್ತಿ ಕಟ್ಟಿ, ನನ್ನ ಶಾಯಿ ಬುಡ್ಡಿಯನ್ನು ಕೈಯಲ್ಲಿ ಹಿಡಿದು, ಜನ ತುಂಬಿದ ಬೀದಿಯಲ್ಲಿ ನನ್ನ ಜೊತೆ ಓಡಿದ. ಸ್ಕೂಲಿನ ಗೇಟು ಮುಚ್ಚುವ ಜವಾನನ ಕೈ ಹಿಡಿದು ಜಗ್ಗಿ ನನ್ನನ್ನು ಒಳಗೆ ತಳ್ಳಿದ.

ಏನು ಬರೆದೆನೋ ನೆನಪಿಲ್ಲ. ಹೊರಗೆ ಬಂದಾಗ ಅಪ್ಪ ಗೇಟಿನ ಎದುರಿನ ಮರದ ಕೆಳಗೆ ಕೂತಿದ್ದ. ಕಾರು ಏನಾಯಿತೆಂದು ಕೇಳಿದೆ. ಅದರ ಮಾತು ಬುಡು ಎಂದ. ಹೇಗೆ ಬರೆದೆ ಎಂದೂ ಕೇಳಲಿಲ್ಲ. ಎಲೆಯಲ್ಲಿ ಕಟ್ಟಿಸಿ ತಂದಿದ್ದ ಇಡ್ಲಿ ಮುಂದಿಟ್ಟು, ಬೇರೆಲ್ಲೋ ನೋಡುತ್ತ ಹೇಳಿದ.

“ಮಳವಳ್ಳಿ ಕಡೀಗೆ ಓಗೋ ಒಬ್ಬ ಸಿಕ್ಕಿದ್ದ. ಗಂಡಿನೋರ್ಗೆ ಬ್ಯಾಡ ಅಂತ ಏಳ್ ಕಳಿಸ್ದೆ.”

ಫಲಿತಾಂಶವೇ ಬಂದಿಲ್ಲವಲ್ಲ, ಫೇಲಾದರೆ ಏನು ಮಾಡುವುದು ಎಂದೆ.

“ಫೇಲಾದ್ರೆ ಇನ್ನೊಂದ್ ಸಲ ಕಟ್ಟು ಕಣಮ್ಮ. ಆಗ ನಡ್ಕೊಂಡೇ ಬರಾವ.”

ಬೆಳಗಿನಿಂದ ಒಂದು ಹನಿ ಕಣ್ಣೀರು ಹಾಕದವಳು ನಾನು ಆ ಮರದ ಕೆಳಗೆ, ಹೋಗಿಬರುವವರೆಲ್ಲ ನೋಡುತ್ತಿದ್ದಂತೆ, ಇಡ್ಲಿ ಕೈಯಲ್ಲಿ ಹಿಡಿದುಕೊಂಡೇ ಅತ್ತುಬಿಟ್ಟೆ.