ಅಧ್ಯಕ್ಷರ ಹೆಂಡತಿಯ ಸೋಫಾ

ಯಾವುದೋ ದೇಶದ ಅಧ್ಯಕ್ಷರು ವಿಮಾನದಿಂದ ಇಳಿಯುವುದನ್ನು ಟಿವಿಯಲ್ಲಿ ತೋರಿಸುವಾಗ ನನ್ನ ಕಣ್ಣು ಹೋಗುವುದು ಹಿಂದೆ ಬರುವ ಹೆಂಡತಿಯ ಕಡೆಗೆ. ಆ ಹ್ಯಾಂಡ್‌ಬ್ಯಾಗಿನಲ್ಲಿ ಏನಿರಬಹುದು? ಗಂಡನಿಗೆ ಪದವಿ ಬರುವ ಮೊದಲು ಆಕೆ ಏನು ಮಾಡಿಕೊಂಡಿದ್ದಳು, ಈಗ ಅದನ್ನು ಯಾರು ಮಾಡುತ್ತಿದ್ದಾರೆ? ಹೀಗೆ ಕೇಳತೊಡಗಿದರೆ ನನ್ನ ಗಂಡ ರಿಮೋಟ್ ಕಸಿದುಕೊಂಡು ಚಾನೆಲ್ ಬದಲಿಸುತ್ತಾರೆ.

ಅವರು ಕುವೈತಿನ ನಮ್ಮ ಕನ್ನಡ ಸಂಘಕ್ಕೆ ಎರಡು ವರ್ಷದ ಅವಧಿಗೆ ಅಧ್ಯಕ್ಷರಾದಾಗ ಉತ್ತರ ಹುಡುಕುವ ಅವಕಾಶ ನನಗೇ ಸಿಕ್ಕಿತು. ಆಸ್ಪತ್ರೆಯ ಲ್ಯಾಬಿನಲ್ಲಿ ಜೊತೆಯವರು ‘ಫಸ್ಟ್ ಲೇಡಿ’ ಎಂದು ಕಾಡಿಸತೊಡಗಿದರು. ರಿಗ್ಗೈಯ ನಮ್ಮ ಫ್ಲಾಟಿಗೆ ಫೋನಿನ ಮೇಲೆ ಫೋನು. ಮಗಳ ಡ್ಯಾನ್ಸ್ ಮೊದಲು ಇಡಿಸಿ, ಊಟಕ್ಕೆ ಹೋದ ವರ್ಷದ ಅಡುಗೆಯವರು ಬೇಡ, ಸರ್‌ಗೆ ಒಂದು ಮಾತು ಹೇಳಿ. ಸರ್ ನನ್ನ ಮಾತು ಕೇಳುತ್ತಾರೆಂದು ಇವರಿಗೆಲ್ಲ ಯಾರು ಹೇಳಿದರೋ. ಯಾರ ಶಿಫಾರಸೂ ಮಾಡುವುದಿಲ್ಲ ಎಂದು ನಾನು ಮೊದಲೇ ನಿರ್ಧರಿಸಿಬಿಟ್ಟೆ.

ಎಲ್ಲ ಮಜವಾಗಿಯೇ ಇತ್ತು, ಸೋಫಾದ ಮಾತು ಬರುವವರೆಗೆ. ರಾಜ್ಯೋತ್ಸವದ ದಿನ ಅಧ್ಯಕ್ಷರ ಹೆಂಡತಿ ಮುಂದಿನ ಸೋಫಾದಲ್ಲಿ, ಮುಖ್ಯ ಅತಿಥಿಯ ಪತ್ನಿಯ ಪಕ್ಕ ಕೂರಬೇಕು. ದೀಪ ಹಚ್ಚಲು ಏಳಬೇಕು, ಹೂಗುಚ್ಛ ಕೊಡಬೇಕು, ಮತ್ತೆ ಕೊನೆಯವರೆಗೂ ಕೂರಬೇಕು. ಇದನ್ನು ಯಾರೂ ಮೀರಿದ್ದಿಲ್ಲ. ನಾನೋ ಕೊನೆಯ ಸಮೂಹಗಾನದಲ್ಲಿ ಪ್ರತಿ ವರ್ಷ ಹಾಡುವವಳು. ಚಿಕ್ಕಂದಿನಿಂದ ಊರಿನ ಚರ್ಚಿನಲ್ಲಿ ಎರಡನೇ ದನಿ ಹಾಡಿ ಬೆಳೆದವಳು. ಎಲ್ಲರ ರಾಗದ ಕೆಳಗೆ ನನ್ನದೊಂದು ಬೇರೆ ಎಳೆ. ಡ್ಯೂಟಿ, ಅಡುಗೆ, ಮಕ್ಕಳ ಹೋಂವರ್ಕ್ ಬಿಟ್ಟರೆ ಕುವೈತಿನಲ್ಲಿ ನನ್ನದು ಅಂತ ಇದ್ದದ್ದು ಅದೊಂದೇ.

“ಈಗ ಹಾಡು ಬೇಡ ಮಾರಾಯ್ತಿ, ಎರಡು ವರ್ಷ ತಾನೇ,” ಎಂದರು ಗಂಡ.

ಆ ಎರಡು ವರ್ಷ ಹೇಗಿರುತ್ತದೆ ಎಂಬ ಕುತೂಹಲಕ್ಕೆ, ಹಿಂದಿನ ಅಧ್ಯಕ್ಷರ ಹೆಂಡತಿಯನ್ನು ನೋಡಲು ಫಿಂಟಾಸಿನ ಅವರ ಮನೆಗೆ ಹೋದೆ. ಧಾರವಾಡ ಕಡೆಯವರು. ರೊಟ್ಟಿ, ಶೇಂಗಾ ಚಟ್ನಿ ಬಡಿಸಿ ಎದುರು ಕೂತರು.

“ಸೋಫಾ ಛಲೋನ ಇತ್ರಿ. ನಾ ಮೊದಲ ನಾಟಕದಾಗ ಅತ್ತಿ ಪಾರ್ಟ್ ಮಾಡ್ತಿದ್ದೆ, ನೆನಪೈತೇನ್ರಿ?”

ನೆನಪಾಯಿತು. ಸೊಸೆಯನ್ನು ಬೈಯಲು ಆಕೆ ಸೆರಗು ಸಿಕ್ಕಿಸಿದರೆ ಸಾಕು, ಹಾಲ್‌ಗೆ ಹಾಲೇ ನಗುತ್ತಿತ್ತು. ಮತ್ತೆ ಯಾಕೆ ಮಾಡಲಿಲ್ಲ ಎಂದು ಕೇಳಿದೆ.

“ಎರಡು ವರ್ಷ ಬ್ಯಾರೇದವ್ರು ಮಾಡಿದ್ರು. ಆಮ್ಯಾಲ ಯಾರೂ ಕರೀಲಿಲ್ರಿ. ಅಧ್ಯಕ್ಷರ ಹೇಣ್ತಿ ಆಗಿದ್ದಾಕಿ ನಾನಾಗೇ ಹೋಗಿ ಪಾರ್ಟ್ ಕೊಡ್ರಿ ಅಂತ ಹೆಂಗ ಕೇಳ್ಲಿ?”

ನನಗೆ ನಿಜಕ್ಕೂ ಭಯವಾಯಿತು. ಸೋಫಾ ಎರಡು ವರ್ಷಕ್ಕೆ ಬಿಡುವುದಿಲ್ಲ ಎಂದು ಆಗ ತಿಳಿಯಿತು.

ರಾಜ್ಯೋತ್ಸವದ ದಿನ ದೀಪ, ಹೂಗುಚ್ಛ ಎಲ್ಲ ಸರಿಯಾಗಿಯೇ ಮುಗಿಸಿದೆ. ಗಂಡನ ಭಾಷಣ ಶುರುವಾದಾಗ ಹ್ಯಾಂಡ್‌ಬ್ಯಾಗನ್ನು ಸೋಫಾದ ಮೇಲೇ ಬಿಟ್ಟು, ಅತಿಥಿಯ ಪತ್ನಿಗೆ “ಈಗ ಬಂದೆ” ಎಂದು ಹೇಳಿ, ಪಕ್ಕದ ಬಾಗಿಲಿನಿಂದ ವೇದಿಕೆಗೆ ಹೋದೆ. ಹಾಡುವವರು ಆಗಲೇ ಗಂಡನ ಹಿಂದೆ ಸಾಲಾಗಿ ನಿಲ್ಲುತ್ತಿದ್ದರು. ಪ್ರತಿ ವರ್ಷ ಅದೇ ಹಾಡು, ನನಗೆ ತಾಲೀಮು ಬೇಕಿರಲಿಲ್ಲ. ಸಾಲಿನವರು ಒತ್ತಿ ನಿಂತು ನನಗೆ ಜಾಗ ಕೊಟ್ಟರು.

“ಮುಂದಿನ ಸಾಲಿನಲ್ಲಿ ಕೂತಿರುವ ನನ್ನ ಶ್ರೀಮತಿಗೂ ವಂದನೆ,” ಎಂದು ಗಂಡ ಸೋಫಾದತ್ತ ಕೈ ತೋರಿಸಿದರು. ಕ್ಯಾಮೆರಾ ಅತ್ತ ತಿರುಗಿತು. ದೊಡ್ಡ ಪರದೆಯ ಮೇಲೆ ನನ್ನ ಹ್ಯಾಂಡ್‌ಬ್ಯಾಗ್ ಕಾಣಿಸಿತು. ಜನ ನಗತೊಡಗಿದಾಗ ಅವರು ಹಿಂತಿರುಗಿ ನೋಡಿದರು. ಮುಖ ಗಂಟಿಕ್ಕುತ್ತಾರೆ ಎಂದುಕೊಂಡೆ. ಅವರು ಸುಮ್ಮನೆ ಕೆಳಗಿಳಿದು ಹೋಗಿ, ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ನನ್ನ ಜಾಗದಲ್ಲಿ ಕೂತರು. ನಾವು ಹಾಡಿದೆವು.

ಮರುದಿನ ಫಿಂಟಾಸಿನಿಂದ ಫೋನು ಬಂತು.

“ಹಾಡು ಛಲೋ ಆತ್ರಿ,” ಎಂದರು ಆಕೆ. “ಬರೂ ವರ್ಷದ ನಾಟಕದಾಗ ಅತ್ತಿ ಪಾರ್ಟ್ ಯಾರಿಗಂತ್ರಿ?”

ಅಧ್ಯಕ್ಷರು ಟಿವಿ ಮುಂದೆ ಕಾಲು ಚಾಚಿ ಮಲಗಿದ್ದರು. ಈ ಸಲ ರಿಮೋಟ್ ಕಸಿದುಕೊಂಡವಳು ನಾನು.

“ಒಂದು ಶಿಫಾರಸು ಇದೆ,” ಎಂದೆ.